ವಾಪಸ್ ಟ್ರಿಪ್ ಎಷ್ಟು ಗಂಟೆಗೆ? ಪೆನ್ಸಿಲ್ವೇನಿಯಾದ ಹಳ್ಳಿ ವ್ಯಾನುಗಳ ಜೊತೆ ನನ್ನ ಅನುಭವ

ಗಾಡಿ ಬೇಕು ಅಂತ ಪೇಶೆಂಟ್ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ಅಲ್ಲಿ ಕೆಲಸ ಮುಗಿಯೋದು ಎಷ್ಟೊತ್ತಿಗೆ?" ಅಂತ. ಹೋಗುವ ಟೈಮ್ ಆಮೇಲೆ ಕೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೆ ಕೇಳುತ್ತಿರಲಿಲ್ಲ. ಅಪಾಯಿಂಟ್‌ಮೆಂಟ್ ಟೈಮ್ ಬರೆದುಕೊಳ್ಳುತ್ತಿದ್ದೆ, ಅದಕ್ಕೆ ತಕ್ಕ ಹಾಗೆ ಗಾಡಿ ಹಾಕುತ್ತಿದ್ದೆ. ವಾಪಸ್ ಬರುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಿದ್ದೆ. ಆಫೀಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಆ "ಆಮೇಲೆ"ಯಲ್ಲಿ ಜನ ಎಷ್ಟು ಒದ್ದಾಡುತ್ತಾರೆ ಎಂದು ಗೊತ್ತಾಗಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಉತ್ತರದಲ್ಲಿ, ನ್ಯೂಯಾರ್ಕ್ ರಾಜ್ಯದ ಗಡಿಗೆ ಹತ್ತಿರ. ಇಲ್ಲಿಯವರು ಈ ಭಾಗವನ್ನು ನಾರ್ದರ್ನ್ ಟಿಯರ್ ಅನ್ನುತ್ತಾರೆ. ಗುಡ್ಡ, ಕಾಡು, ಹಾಲಿನ ಫಾರ್ಮುಗಳು, ಮಧ್ಯೆ ಮಧ್ಯೆ ಸಣ್ಣ ಸಣ್ಣ ಊರು. 2013ರಲ್ಲಿ ಇಲ್ಲಿನ ಒಂದು ಗ್ರಾಮೀಣ ಸಾರಿಗೆ ಸಂಸ್ಥೆಯಲ್ಲಿ ಫೋನ್ ತೆಗೆಯುವ ಕೆಲಸಕ್ಕೆ ಸೇರಿದೆ. ಆಮೇಲೆ ಡಿಸ್ಪ್ಯಾಚರ್ ಆದೆ, ಅಂದರೆ ರಸ್ತೆಯಲ್ಲಿರುವ ವ್ಯಾನುಗಳಿಗೆ ಎಲ್ಲಿಗೆ ಹೋಗಬೇಕು ಎಂದು ಹೇಳುವ ಕೆಲಸ. ಈಗ ಶೆಡ್ಯೂಲ್ ಮಾಡುತ್ತೇನೆ. ಅಂದರೆ ನಾಳೆ ಯಾವ ವ್ಯಾನ್ ಎಷ್ಟು ಗಂಟೆಗೆ ಯಾರ ಮನೆ ಮುಂದೆ ನಿಲ್ಲಬೇಕು ಎಂದು ಇವತ್ತು ಜೋಡಿಸುವ ಕೆಲಸ.

ಊರಿಂದ ಫೋನ್ ಮಾಡುವ ನೆಂಟರು "ಆಂಬ್ಯುಲೆನ್ಸ್ ಕೆಲಸಾನಾ?" ಅಂತ ಕೇಳುತ್ತಾರೆ. ಅಲ್ಲ. ಎದೆನೋವು ಬಂದರೆ 911ಕ್ಕೆ ಫೋನ್ ಮಾಡಬೇಕು, ಅದಕ್ಕೆ ಆಂಬ್ಯುಲೆನ್ಸ್ ಬರುತ್ತದೆ. ನಮ್ಮದು ತುರ್ತು ಅಲ್ಲದ, ಆದರೆ ತಪ್ಪಿಸುವಂತೆಯೂ ಇಲ್ಲದ ಓಡಾಟಕ್ಕೆ. ಡಯಾಲಿಸಿಸ್, ಕೀಮೋ, ಕಣ್ಣಿನ ಡಾಕ್ಟರು, ಮಗುವಿನ ಚುಚ್ಚುಮದ್ದು, ಕೌನ್ಸೆಲಿಂಗ್, ಚಟ ಬಿಡಿಸುವ ಮೆಥಡೋನ್ ಕ್ಲಿನಿಕ್, ಕೊನೆಗೆ ಔಷಧಿ ಅಂಗಡಿ. ಇಲ್ಲಿ ಕಾರಿಲ್ಲ ಅಂದರೆ ಕೈಕಾಲು ಕಟ್ಟಿಹಾಕಿದ ಹಾಗೆ. ಹೋಗಲು ಗಾಡಿ ಇಲ್ಲ ಎನ್ನುವ ಕಾರಣಕ್ಕೇ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 36 ಲಕ್ಷ ಜನ ಚಿಕಿತ್ಸೆ ತಪ್ಪಿಸಿಕೊಳ್ಳುತ್ತಾರೆ ಅಥವಾ ಮುಂದೆ ಹಾಕುತ್ತಾರೆ ಎಂದು 2005ರ ಒಂದು ಅಧ್ಯಯನ ಹೇಳಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಟ್ರೈನಿಂಗ್‌ನಲ್ಲಿ ಕೇಳಿದ ಅಂಕಿ ಅದು. ಆವತ್ತು ಸುಮ್ನೆ ಒಂದು ಸಂಖ್ಯೆ ಅನಿಸಿತ್ತು.

ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಶುರುವಾಗಿದ್ದು 1965ರ ಕಾನೂನಿನಿಂದ. ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ ಮೆಡಿಕಲ್ ಅಸಿಸ್ಟೆನ್ಸ್ ಎಂದು ಹೆಸರು. ಡಾಕ್ಟರ ಬಿಲ್ಲು ಕಟ್ಟಿದರೆ ಸಾಲದು, ಡಾಕ್ಟರ ಹತ್ತಿರ ಹೋಗಿಬರುವ ದಾರಿಯನ್ನೂ ರಾಜ್ಯವೇ ಮಾಡಿಕೊಡಬೇಕು ಎಂದು ಕೇಂದ್ರದ ನಿಯಮದಲ್ಲಿ ಬಹಳ ಹಿಂದಿನಿಂದಲೂ ಇತ್ತು. 2020ರ ಡಿಸೆಂಬರ್‌ನಲ್ಲಿ ಅದನ್ನು ಕಾನೂನಿನೊಳಗೇ ಸೇರಿಸಿದರು. ನಮ್ಮ ರಾಜ್ಯದಲ್ಲಿ ಈ ಯೋಜನೆಗೆ ಮೆಡಿಕಲ್ ಅಸಿಸ್ಟೆನ್ಸ್ ಟ್ರಾನ್ಸ್‌ಪೋರ್ಟೇಶನ್ ಪ್ರೋಗ್ರಾಂ ಅನ್ನುತ್ತಾರೆ, ಬಾಯಿಮಾತಿನಲ್ಲಿ ಎಂಎಟಿಪಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ; ರಾಜ್ಯದ 67 ಕೌಂಟಿಗಳಲ್ಲೂ ಇದೆ. ಪೇಶೆಂಟ್ ಏನೂ ಕೊಡಬೇಕಿಲ್ಲ. ಸ್ವಂತ ಕಾರಿದ್ದರೆ ಅಥವಾ ಪಕ್ಕದ ಮನೆಯವರು ಕರೆದುಕೊಂಡು ಹೋದರೆ ಮೈಲಿ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಬಸ್ ಇರುವ ಕಡೆ, ಬಸ್ ಹತ್ತುವ ಶಕ್ತಿ ಇದ್ದರೆ, ಬಸ್ಸಿನ ಟಿಕೆಟ್. ಇವೆರಡೂ ಆಗದವರಿಗೆ ನಮ್ಮ ವ್ಯಾನ್. ಅವರ ಮೈಸ್ಥಿತಿಗೆ ಹೊಂದುವುದರಲ್ಲಿ ಯಾವುದಕ್ಕೆ ಖರ್ಚು ಕಡಿಮೆಯೋ ಅದನ್ನೇ ಕೊಡಬೇಕು ಎನ್ನುವುದು ನಿಯಮ.

ಆದರೆ ವ್ಯಾನಿನಲ್ಲಿ ಕೂತವರೆಲ್ಲ ಎಂಎಟಿಪಿ ಪೇಶೆಂಟುಗಳಲ್ಲ. ಬೆಳಗ್ಗೆ ಒಂಬತ್ತರ ಒಂದು ವ್ಯಾನ್ ತೆಗೆದುಕೊಳ್ಳಿ. ಒಬ್ಬರು ಮೂಳೆ ಡಾಕ್ಟರ ಹತ್ತಿರ ಹೊರಟಿದ್ದಾರೆ, ಅವರ ದುಡ್ಡು ಎಂಎಟಿಪಿಯಿಂದ. ಪಕ್ಕದ ಅಜ್ಜಿ ದಿನಸಿ ತರಲು ಹೊರಟಿದ್ದಾರೆ. ಅವರಿಗೆ 65 ದಾಟಿದೆ, ಹಾಗಾಗಿ ಟಿಕೆಟ್ಟಿನ ಶೇಕಡಾ 85 ಭಾಗ ರಾಜ್ಯದ ಲಾಟರಿ ದುಡ್ಡಿನಿಂದ ಬರುತ್ತದೆ. ಹಿಂದಿನ ಸೀಟಿನ ಹುಡುಗನಿಗೆ ಅಂಗವಿಕಲರ ಯೋಜನೆ. ಬಾಗಿಲ ಹತ್ತಿರ ಕೂತವನು ಪೂರ್ತಿ ಟಿಕೆಟ್ ಕೊಟ್ಟ ಸಾಮಾನ್ಯ ಪ್ರಯಾಣಿಕ. ಒಂದೇ ವ್ಯಾನ್, ನಾಲ್ಕು ಜೇಬು. ಇವರೆಲ್ಲರ ಅಡಿಯಲ್ಲಿ ಇನ್ನೊಂದು ಜೇಬಿದೆ. 1978ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಗ್ರಾಮೀಣ ಸಾರಿಗೆ ಅನುದಾನ ಅದು, ಈಗ ಸೆಕ್ಷನ್ 5311 ಅನ್ನುತ್ತಾರೆ. 50,000ಕ್ಕಿಂತ ಕಡಿಮೆ ಜನರಿರುವ ಕಡೆಗೆ ಸಿಗುತ್ತದೆ. ವ್ಯಾನ್ ಕೊಳ್ಳಲು ಶೇಕಡಾ 80ರವರೆಗೆ, ಓಡಿಸುವುದರಲ್ಲಿ ಬೀಳುವ ನಷ್ಟಕ್ಕೆ ಶೇಕಡಾ 50ರವರೆಗೆ. ಉಳಿದ ಪಾಲನ್ನು ಇಲ್ಲಿಯೇ ಹೊಂದಿಸಬೇಕು. ಪೇಶೆಂಟ್ ಟ್ರಿಪ್ಪುಗಳಿಗೆ ಬರುವ ಕಾಂಟ್ರ್ಯಾಕ್ಟ್ ದುಡ್ಡನ್ನು ಆ ಪಾಲಿಗೆ ತೋರಿಸಲು ಅವಕಾಶ ಇದೆ. ಹೀಗಾಗಿ ಪೇಶೆಂಟ್ ಟ್ರಿಪ್ಪು ಕೈತಪ್ಪಿದರೆ ದಿನಸಿ ತರುವ ಅಜ್ಜಿಯ ವ್ಯಾನಿಗೂ ಪೆಟ್ಟು. ಈ ಲೆಕ್ಕ ಅರ್ಥವಾಗದೆ ಶೆಡ್ಯೂಲ್ ಮಾಡಲು ಕೂತರೆ, ಪೇಶೆಂಟುಗಳಿಗೇ ಬೇರೆ ಗಾಡಿ ಇಟ್ಟರೆ ಸುಲಭ ಅಲ್ವಾ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಬೇರೆ ಇಟ್ಟರೆ ಎರಡು ಗಾಡಿಯೂ ಅರ್ಧ ಖಾಲಿ ಓಡುತ್ತವೆ, ಅಷ್ಟೇ.

ಈಗ ಆ ಫೆಬ್ರವರಿಯ ವಿಷಯ.

2015. ನಾನು ಸಂಜೆ ಪಾಳಿಯ ಡಿಸ್ಪ್ಯಾಚರ್. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹೋಗುವ ಒಬ್ಬ ಅಜ್ಜಿ ಇದ್ದರು, 70 ದಾಟಿತ್ತು. ಅವರ ವಾಪಸ್ ಟ್ರಿಪ್ ವಿಲ್-ಕಾಲ್. ಮುಗಿದ ಮೇಲೆ ಫೋನ್ ಮಾಡಿ, ಆಗ ಗಾಡಿ ಕಳಿಸುತ್ತೇವೆ ಎನ್ನುವ ಪದ್ಧತಿಗೆ ವಿಲ್-ಕಾಲ್ ಅನ್ನುತ್ತಾರೆ. ಆ ಸೋಮವಾರ ಐದೂ ಕಾಲಿಗೆ ಅವರ ಫೋನ್ ಬಂತು. ರಸ್ತೆಯಲ್ಲಿ ಉಳಿದಿದ್ದದ್ದು ಎರಡೇ ವ್ಯಾನ್. ಒಂದು ದೂರದ ಡ್ಯಾನ್ವಿಲ್ ಊರಿನ ದೊಡ್ಡಾಸ್ಪತ್ರೆಯಿಂದ ಜನರನ್ನು ಕರೆದುಕೊಂಡು ಬರುತ್ತಿತ್ತು. ಇನ್ನೊಂದು ಗುಡ್ಡದ ಆ ಕಡೆ, ಮೂರು ಜನರನ್ನು ಇನ್ನೂ ಮನೆಗೆ ಬಿಡಬೇಕಿತ್ತು. ಹಿಮ ಬೀಳುತ್ತಿತ್ತು. ನಾನು "ಇನ್ನರ್ಧ ಗಂಟೆ" ಅಂದೆ. ಅರ್ಧ ಗಂಟೆಯಲ್ಲಿ ಆಗುವುದಿಲ್ಲ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಆರೂವರೆಗೆ ಮತ್ತೆ ಫೋನ್. ದನಿ ಬಹಳ ಸಣ್ಣಗಿತ್ತು. "ಇವರು ಬಾಗಿಲು ಹಾಕುವ ಹೊತ್ತಾಯಿತಂತೆ. ನಾನು ಹೊರಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತಿದ್ದೇನೆ. ಮರೆತಿಲ್ಲ ತಾನೆ?" ಡ್ರೈವರ್ ಅಲ್ಲಿಗೆ ತಲುಪಿದಾಗ ಏಳು ಮೂವತ್ತೈದು. ಎರಡು ಗಂಟೆ ಇಪ್ಪತ್ತು ನಿಮಿಷ ಅವರು ಕಾದಿದ್ದರು. ತೋಳಿಗೆ ಸೂಜಿ ಹಾಕಿದ ಜಾಗದಲ್ಲಿ ಬ್ಯಾಂಡೇಜ್ ನೆನೆದು ಕೋಟಿನ ಕೈಗೆ ರಕ್ತ ಬಂದಿತ್ತು. ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡೇ ಕೂತಿದ್ದರಂತೆ. ನಮ್ಮ ಡ್ರೈವರ್ ಕೈಗವಸು ಹಾಕಿಕೊಂಡು, ಕಿಟ್ಟಿನಿಂದ ಬಟ್ಟೆ ತೆಗೆದು ಒತ್ತಿ ಹಿಡಿದರು. ಒಳಗಿದ್ದ ನರ್ಸನ್ನು ಕರೆಸಿ ತೋರಿಸಿದರು. ರಕ್ತ ನಿಂತ ಮೇಲೇ ಹೊರಟಿದ್ದು. ಅಜ್ಜಿ ವ್ಯಾನ್ ಹತ್ತುವ ಮುಂಚೆ ಕೇಳಿದ್ದು ಒಂದೇ ಮಾತು: "ಸೀಟಿಗೆ ಕಲೆ ಆಗುತ್ತೇನೋ, ಏನಾದರೂ ಹಾಸಿ."

ಬುಧವಾರ ಅವರು ಟ್ರಿಪ್ ಕ್ಯಾನ್ಸಲ್ ಮಾಡಿದರು. ಮೈ ಸರಿಯಿಲ್ಲ ಅಂದರು. ಡಯಾಲಿಸಿಸ್ ಸೆಂಟರಿನ ಸೋಷಿಯಲ್ ವರ್ಕರ್ ವಿಚಾರಿಸಿದಾಗ ನಿಜ ಹೊರಬಂತು. "ಹೋಗೋದಕ್ಕೆ ಏನಿಲ್ಲ. ವಾಪಸ್ ಬರೋದಕ್ಕೆ ಹೆದರಿಕೆ."

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಡಯಾಲಿಸಿಸ್ ಒಂದು ದಿನ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಶಿಯಂ ಏರುತ್ತದೆ, ಹೃದಯಕ್ಕೇ ಅಪಾಯ. ನಮ್ಮ ರಿಪೋರ್ಟಿನಲ್ಲಿ ಆ ಸೋಮವಾರದ ಟ್ರಿಪ್ "ಪೂರ್ತಿಯಾಗಿದೆ" ಅಂತಲೇ ಇತ್ತು. ಹೋಗಿದ್ದು ಸರಿಯಾದ ಟೈಮಿಗೆ, ಬಂದಿದ್ದೂ ಆಯಿತು. ಆದರೆ ನಾವು ಒಬ್ಬರನ್ನು ಚಿಕಿತ್ಸೆಯಿಂದಲೇ ಓಡಿಸುವ ಹಾಗೆ ಮಾಡಿದ್ದೆವು.

ನಾನು ಮ್ಯಾನೇಜರ್ ಹತ್ತಿರ ಹೋಗಿ ಮೂರು ದಿನ ಡಯಾಲಿಸಿಸ್ ಸೆಂಟರಿನಲ್ಲಿ ಕೂತು ನೋಡುತ್ತೇನೆ ಅಂದೆ. ಅವರು ಒಪ್ಪಿದರು. ಸೆಂಟರಿನ ಮುಖ್ಯ ನರ್ಸ್ ಕೂಡ ಒಪ್ಪಿ ಕಾಯುವ ಕೋಣೆಯಲ್ಲಿ ಒಂದು ಕುರ್ಚಿ ಕೊಟ್ಟರು. ನೋಟ್‌ಬುಕ್ ಇಟ್ಟುಕೊಂಡು ನಮ್ಮ ವ್ಯಾನಿನವರು ಯಾರು ಎಷ್ಟು ಗಂಟೆಗೆ ಒಳಗೆ ಹೋದರು, ಎಷ್ಟು ಗಂಟೆಗೆ ಹೊರಗೆ ಬಂದರು ಎಂದು ಬರೆದುಕೊಂಡೆ. ಅಷ್ಟೇ ಮಾಡಿದ್ದು. ನಾನು ಈ ಕೆಲಸದಲ್ಲಿ ಮಾಡಿದ ಅತಿ ಉಪಯೋಗದ ಮೂರು ದಿನ ಅವು.

ನಮ್ಮ ಲೆಕ್ಕ ಹೀಗಿತ್ತು: ಕುರ್ಚಿ ಟೈಮ್, ಅಂದರೆ ಪೇಶೆಂಟ್ ಡಯಾಲಿಸಿಸ್ ಕುರ್ಚಿಯಲ್ಲಿ ಕೂರಬೇಕಾದ ಟೈಮ್, ಹನ್ನೆರಡೂವರೆ, ಡಯಾಲಿಸಿಸ್ ನಾಲ್ಕು ಗಂಟೆ, ಹಾಗಾದರೆ ನಾಲ್ಕೂವರೆಗೆ ರೆಡಿ. ನಾಲ್ಕೂವರೆಗೆ ಯಾರೂ ರೆಡಿ ಇರಲಿಲ್ಲ, ಒಂದು ದಿನವೂ ಇರಲಿಲ್ಲ. ಹಿಂದಿನ ಪಾಳಿಯವರದ್ದು ಮುಗಿದು, ಮೆಷಿನ್ ತೊಳೆದು, ಇವರನ್ನು ಕೂರಿಸಿ ಸೂಜಿ ಹಾಕುವಷ್ಟರಲ್ಲೇ ಹತ್ತಿಪ್ಪತ್ತು ನಿಮಿಷ ಜಾರಿರುತ್ತದೆ. ಮೆಷಿನ್ ನಿಂತ ಮೇಲೆ ಸೂಜಿ ತೆಗೆದು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಕೆಲವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಆಮೇಲೆ ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡುತ್ತಾರೆ. ನಿಂತಾಗ ಬಿಪಿ ಇಳಿದರೆ ಮತ್ತೆ ಕೂರಿಸುತ್ತಾರೆ. ತೂಕ ನೋಡಬೇಕು, ಕೋಟು ಹಾಕಿಕೊಳ್ಳಬೇಕು. ಮೆಷಿನ್ ನಿಂತದ್ದಕ್ಕೂ ಪೇಶೆಂಟ್ ಬಾಗಿಲಿಗೆ ಬಂದದ್ದಕ್ಕೂ ಮಧ್ಯೆ ನನ್ನ ನೋಟ್‌ಬುಕ್ಕಿನಲ್ಲಿ 25ರಿಂದ 40 ನಿಮಿಷ ಇತ್ತು. ಇನ್ನೊಂದು ವಿಷಯ, ಎಲ್ಲರಿಗೂ ನಾಲ್ಕು ಗಂಟೆ ಅಲ್ಲ. ಡಾಕ್ಟರ್ ಒಬ್ಬರಿಗೆ ಮೂರೂವರೆ ಬರೆದಿರುತ್ತಾರೆ, ಇನ್ನೊಬ್ಬರಿಗೆ ನಾಲ್ಕೂ ಕಾಲು. ಆ ವಿವರ ನಮ್ಮ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಕೇಳಿರಲೂ ಇಲ್ಲ.

ವಾಪಸ್ ಬಂದು ಮೊದಲು ಡಯಾಲಿಸಿಸ್‌ಗೆ ವಿಲ್-ಕಾಲ್ ಎನ್ನುವುದನ್ನೇ ತೆಗೆದೆ. ಪ್ರತಿಯೊಬ್ಬರಿಗೂ ವಾಪಸ್ ಟೈಮ್ ಗೊತ್ತು ಮಾಡಿದೆವು. ಕುರ್ಚಿ ಟೈಮ್, ಅವರವರ ಚಿಕಿತ್ಸೆಯ ಅವಧಿ, ಅದರ ಮೇಲೆ 45 ನಿಮಿಷ. ಆ ಟೈಮಿಗೆ ಆ ವ್ಯಾನ್ ಬಾಗಿಲಲ್ಲಿ ಇರಲೇಬೇಕು. ಬೇರೆ ಟ್ರಿಪ್ಪುಗಳನ್ನು ಅದರ ಸುತ್ತ ಜೋಡಿಸಬೇಕೇ ಹೊರತು ಅದನ್ನು ಬೇರೆಯದರ ಸುತ್ತ ಅಲ್ಲ. ಇನ್ನು ಕೊನೆಯ ಒಂದು ಗಂಟೆ ಉಳಿದಿರುವಾಗ ಯಾರದ್ದಾದರೂ 20 ನಿಮಿಷಕ್ಕಿಂತ ಜಾಸ್ತಿ ತಡವಾಗುತ್ತದೆ ಅನಿಸಿದರೆ ನರ್ಸ್ ನಮಗೆ ಫೋನ್ ಮಾಡಬೇಕು ಎಂದು ಮಾತಾಯಿತು. ಇದಕ್ಕೆ ಡಿಸ್ಪ್ಯಾಚ್ ಮೇಜಿನ ನೇರ ನಂಬರ್ ಕೊಟ್ಟೆವು. ಮೊದಲು ನರ್ಸುಗಳೂ ಎಲ್ಲರ ಹಾಗೆ "ಇಂಗ್ಲಿಷಿಗೆ ಒಂದು ಒತ್ತಿ" ಎನ್ನುವ ಸಾಲಿನಲ್ಲಿ ಕಾಯಬೇಕಿತ್ತು. ಕೈಯಲ್ಲಿ ಹನ್ನೆರಡು ಪೇಶೆಂಟ್ ಇಟ್ಟುಕೊಂಡ ನರ್ಸ್ ಹಾಗೆ ಕಾಯುತ್ತಾರಾ? ಎರಡು ಸಲ ನೋಡಿ ಬಿಟ್ಟುಬಿಡುತ್ತಾರೆ. ನೇರ ನಂಬರ್ ಕೊಟ್ಟ ಮರುವಾರದಿಂದಲೇ ಫೋನ್ ಬರತೊಡಗಿತು.

ಮುಂದಿನ ಹೆಜ್ಜೆಗೆ ಜಾಸ್ತಿ ದಿನ ಹಿಡಿಯಿತು. ಒಂದೇ ರಸ್ತೆಯ ಮೇಲಿನ ನಾಲ್ಕು ಜನ ನಾಲ್ಕು ಬೇರೆ ಬೇರೆ ಪಾಳಿಯಲ್ಲಿದ್ದರು. ಅಂದರೆ ಅದೇ ಗುಡ್ಡದ ದಾರಿಯಲ್ಲಿ ನಾಲ್ಕು ಸಲ ಖಾಲಿ ಗಾಡಿ ಹತ್ತಿ ಇಳಿಯಬೇಕು. ನಾನು ಗೋಡೆಗೆ ಕೌಂಟಿಯ ಭೂಪಟ ಅಂಟಿಸಿ, ನಮ್ಮ ಡಯಾಲಿಸಿಸ್ ಪ್ರಯಾಣಿಕರ ಮನೆಗಳಿಗೆಲ್ಲ ಪಿನ್ ಚುಚ್ಚಿದೆ. ಸೋಮ-ಬುಧ-ಶುಕ್ರದವರಿಗೆ ಕೆಂಪು, ಮಂಗಳ-ಗುರು-ಶನಿಯವರಿಗೆ ನೀಲಿ. ಒಬ್ಬೊಬ್ಬರಿಗೂ ಫೋನ್ ಮಾಡಿ, ಪಾಳಿ ಬದಲಾದರೆ ಆಗುತ್ತದಾ, ನಿಮ್ಮ ಹೆಸರು ಹೇಳಿ ಸೆಂಟರಿನವರ ಹತ್ತಿರ ಮಾತಾಡಬಹುದಾ ಎಂದು ಕೇಳಿದೆ. ಒಪ್ಪಿಗೆ ಇಲ್ಲದೆ ಒಬ್ಬರ ವಿಷಯ ಇನ್ನೊಂದು ಕಡೆ ಎತ್ತುವಂತಿಲ್ಲ. ಕೆಲವರು ಕೂಡಲೇ ಒಪ್ಪಿದರು. ಒಬ್ಬರು ಖಡಾಖಂಡಿತ ಆಗುವುದಿಲ್ಲ ಅಂದರು. ಬೆಳಗಿನ ಪಾಳಿ ಬಿಟ್ಟರೆ ಮಧ್ಯಾಹ್ನ ಮೊಮ್ಮಗಳು ಸ್ಕೂಲಿನಿಂದ ಬರುವಾಗ ಮನೆಯಲ್ಲಿ ಯಾರೂ ಇರುವುದಿಲ್ಲವಂತೆ. ಅವರದ್ದು ಹಾಗೇ ಬಿಟ್ಟೆವು. ಸೆಂಟರಿನಲ್ಲೂ ಕುರ್ಚಿ ಖಾಲಿಯಾಗಬೇಕಲ್ಲ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಸೋಮ-ಬುಧ-ಶುಕ್ರದಲ್ಲಿ ಐದು ವ್ಯಾನ್ ಓಡುತ್ತಿದ್ದ ಕಡೆ ಮೂರು ಸಾಕಾಯಿತು. ಮಿಕ್ಕ ಎರಡು ವ್ಯಾನ್ ಸಿಕ್ಕಿದ್ದರಿಂದಲೇ ವಾಪಸ್ ಟೈಮಿಗೆ ಸರಿಯಾಗಿ ನಿಲ್ಲಲು ಆಗಿದ್ದು.

ಒಂದು ವಿಚಿತ್ರ ಹೇಳಬೇಕು. 1972ರ ಕಾನೂನಿನಿಂದ ಕಿಡ್ನಿ ಕೆಟ್ಟವರಿಗೆ ವಯಸ್ಸು ಎಷ್ಟೇ ಇರಲಿ ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರಿಗಿರುವ ಕೇಂದ್ರ ಸರ್ಕಾರದ ಆರೋಗ್ಯ ವಿಮೆ, ಸಿಗುವಂತಾಯಿತು. ಡಯಾಲಿಸಿಸ್ಸಿನ ದೊಡ್ಡ ಖರ್ಚನ್ನು ಅದು ಹೊರುತ್ತದೆ. ಆದರೆ ಮನೆಯಿಂದ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ವ್ಯಾನಿನಲ್ಲಿ ಹೋಗಿಬರುವುದಕ್ಕೆ ಮಾಮೂಲಿ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಅದು ಸಿಗುವುದು ಮೆಡಿಕಲ್ ಅಸಿಸ್ಟೆನ್ಸ್ ಕಾರ್ಡ್ ಇದ್ದವರಿಗೆ. ಹೀಗಾಗಿ ಸ್ವಲ್ಪ ಪಿಂಚಣಿ ಜಾಸ್ತಿ ಇದ್ದು ಆ ಕಾರ್ಡ್ ಸಿಗದವರು ಎಷ್ಟೋ ಸಲ ಕಾರ್ಡ್ ಇದ್ದವರಿಗಿಂತ ಜಾಸ್ತಿ ಕಷ್ಟಪಡುತ್ತಾರೆ. ಅಂಥವರಿಗೆ 65 ದಾಟಿದ್ದರೆ ಲಾಟರಿ ದುಡ್ಡಿನ ಸೀಟು ಕೊಡುತ್ತೇವೆ. 58 ಆಗಿದ್ದು, ಅಂಗವಿಕಲರ ಯೋಜನೆಗೂ ಸೇರದಿದ್ದರೆ ಯಾವುದೂ ಇಲ್ಲ. ಇದನ್ನು ಫೋನಿನಲ್ಲಿ ಹೇಳುವುದು ನನ್ನ ಕೆಲಸದಲ್ಲೇ ಅತಿ ಕಷ್ಟದ ಭಾಗ. ಯಾವ ಯೋಜನೆಗೂ ಸೇರದ ಒಬ್ಬರನ್ನಾದರೂ ಅದೇ ದಾರಿಯ ವ್ಯಾನಿನಲ್ಲಿ ಸಾಮಾನ್ಯ ಪ್ರಯಾಣಿಕರಾಗಿ ಕೂರಿಸಲು ಆಗುತ್ತದಾ ಎಂದು ಹುಡುಕುತ್ತೇನೆ. ಆಗ ಟಿಕೆಟ್ ಅವರೇ ಕೊಡಬೇಕು. ಸಾರ್ವಜನಿಕ ವ್ಯಾನ್ ಆಗಿರುವುದರಿಂದ ಅಷ್ಟಾದರೂ ಸಾಧ್ಯ.

ದೂರದ ಟ್ರಿಪ್ಪುಗಳದ್ದು ಬೇರೆ ಕಥೆ. ಸ್ಪೆಷಲಿಸ್ಟ್ ಬೇಕು ಅಂದರೆ ನಮ್ಮ ಜನ ಡ್ಯಾನ್ವಿಲ್‌ಗೆ ಹೋಗಬೇಕು, ಗೈಸಿಂಗರ್ ಆಸ್ಪತ್ರೆಗೆ. ಒಂದು ಕಡೆಗೆ ಒಂದೂವರೆ ಗಂಟೆ. ಮೊದಲು ಯಾರು ಯಾವ ದಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡರೂ ಆವತ್ತು ಒಂದು ವ್ಯಾನ್ ಹೋಗುತ್ತಿತ್ತು, ಒಬ್ಬರಿಗೋಸ್ಕರ. ಆ ವ್ಯಾನ್ ಇಡೀ ದಿನ ಕೈಗೆ ಸಿಗುತ್ತಿರಲಿಲ್ಲ. ಈಗ ಮಂಗಳವಾರ, ಗುರುವಾರ ಡ್ಯಾನ್ವಿಲ್ ದಿನ. ಪೇಶೆಂಟುಗಳಿಗೆ ಒಂದು ಸಣ್ಣ ಚೀಟಿ ಕೊಟ್ಟಿದ್ದೇವೆ: "ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಮಂಗಳವಾರ ಅಥವಾ ಗುರುವಾರ, ಹತ್ತರಿಂದ ಒಂದರ ಒಳಗೆ ಕೇಳಿ." ಕ್ಲಿನಿಕ್ಕಿನ ಮುಂದಿನ ಮೇಜಿನವರು ಚೀಟಿ ನೋಡಿದರೆ ಬಹಳ ಸಲ ಹೊಂದಿಸಿಕೊಡುತ್ತಾರೆ. ಇದನ್ನು ಮಾತ್ರ ಕಡ್ಡಾಯ ಮಾಡಬೇಡಿ ಎಂದು ಇದೇ ಕೆಲಸದವರಿಗೆ ಹೇಳುತ್ತೇನೆ. ಕ್ಯಾನ್ಸರ್ ಡಾಕ್ಟರ್ ಸೋಮವಾರ ಬನ್ನಿ ಅಂದರೆ ಸೋಮವಾರವೇ ಕರೆದುಕೊಂಡು ಹೋಗಬೇಕು. ವಾರದ ದಿನ ನಮ್ಮ ಅನುಕೂಲಕ್ಕೆ, ಅವರ ಹಕ್ಕು ಅದಕ್ಕಿಂತ ದೊಡ್ಡದು.

ವ್ಯಾನ್ ಮನೆ ಮುಂದೆ ಹೋಗಿ ನಿಂತರೂ ಜನ ಬರದೇ ಇರುವುದಕ್ಕೆ ನೋ-ಶೋ ಅನ್ನುತ್ತಾರೆ. ಇದರ ಬಗ್ಗೆ ಆಫೀಸುಗಳಲ್ಲಿ ಬಹಳ ಸಿಟ್ಟಿದೆ. ನಮ್ಮಲ್ಲೂ ಇತ್ತು. ಒಂದು ತಿಂಗಳು ನಾನು ಪ್ರತಿ ನೋ-ಶೋಗೂ ಮಧ್ಯಾಹ್ನ ಫೋನ್ ಮಾಡಿ ಕಾರಣ ಕೇಳಿದೆ, ಬೈಯದೆ. ತಿಂಗಳ ಕೊನೆಯ ವಾರದಲ್ಲೇ ಜಾಸ್ತಿ. ಫೋನಿನ ಪ್ರೀಪೇಯ್ಡ್ ದುಡ್ಡು ಮುಗಿದಿರುತ್ತದೆ, ನಮ್ಮ ಹಿಂದಿನ ದಿನದ ಫೋನ್ ಅವರಿಗೆ ಹೋಗಿರುವುದಿಲ್ಲ. ಇನ್ನು ಕೆಲವರು ಮನೆಯ ಹಿಂದಿನ ಬಾಗಿಲನ್ನೇ ಬಳಸುತ್ತಾರೆ, ಮುಂದಿನ ಬಾಗಿಲ ಹಾರ್ನ್ ಕೇಳಿಸುವುದಿಲ್ಲ. ಆವತ್ತಿನಿಂದ ಪ್ರತಿ ಮನೆಗೂ ಒಂದು ಟಿಪ್ಪಣಿ ಬರೆಯತೊಡಗಿದೆ. "ಹಿಂದಿನ ಬಾಗಿಲು ತಟ್ಟಿ." "ಎಡಗಿವಿ ಕೇಳಿಸುವುದಿಲ್ಲ." "ನಾಯಿ ಕಟ್ಟಿರುತ್ತದೆ, ಹೆದರಬೇಡಿ." "ಮೂರನೇ ಮೆಟ್ಟಿಲು ಸಡಿಲ." ಡ್ರೈವರ್ ಟ್ಯಾಬ್ಲೆಟ್ಟಿನಲ್ಲಿ ವಿಳಾಸದ ಕೆಳಗೇ ಅದು ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ಎಷ್ಟೋ ಸೌಲಭ್ಯ ಇದೆ. ನಾನು ಜಾಸ್ತಿ ಬಳಸುವುದು ಆ ಟಿಪ್ಪಣಿಯ ಖಾನೆ.

2023ರಲ್ಲಿ ಬಂದ ಕಷ್ಟ ಬೇರೆ ಥರದ್ದು. ಕೋವಿಡ್ ಶುರುವಾದ 2020ರ ಮಾರ್ಚಿನಿಂದ 2023ರ ಮಾರ್ಚ್ 31ರವರೆಗೆ ರಾಜ್ಯಗಳು ಮೆಡಿಕೇಡ್‌ನಿಂದ ಜನರನ್ನು ಸಾಮಾನ್ಯವಾಗಿ ತೆಗೆದುಹಾಕುವಂತಿರಲಿಲ್ಲ. ಆಮೇಲೆ ಮತ್ತೆ ನವೀಕರಣದ ಫಾರ್ಮು ಶುರುವಾಯಿತು. ಎಷ್ಟೋ ಜನ ಅಂಚೆಯಲ್ಲಿ ಬಂದ ಲಕೋಟೆಯನ್ನು ಬಿಚ್ಚಿಯೇ ನೋಡಿರಲಿಲ್ಲ, ಕೆಲವರದ್ದು ಹಳೇ ವಿಳಾಸಕ್ಕೆ ಹೋಗಿತ್ತು. ಕಾರ್ಡ್ ನಿಂತುಹೋದದ್ದು ಅವರಿಗೇ ಗೊತ್ತಿಲ್ಲ. ನಾವು ಟ್ರಿಪ್ ಕೊಡುವ ದಿನ ಕಾರ್ಡ್ ಚಾಲ್ತಿಯಲ್ಲಿ ಇರಬೇಕು. ಹಾಗಾಗಿ ಎಷ್ಟೋ ಸಲ ಅವರಿಗೆ ವಿಷಯ ತಿಳಿಯುತ್ತಿದ್ದದ್ದು ನಮ್ಮಿಂದಲೇ, ಗಾಡಿ ಸಿಗುವುದಿಲ್ಲ ಎನ್ನುವ ರೂಪದಲ್ಲಿ. ಇದು ಸರಿಯಲ್ಲ ಅನಿಸಿತು. ಪ್ರತಿ ಸೋಮವಾರ ಬೆಳಗ್ಗೆ, ವಾರಪೂರ್ತಿ ಟ್ರಿಪ್ ಇರುವ ಡಯಾಲಿಸಿಸ್, ಕೀಮೋ, ಮೆಥಡೋನ್ ಪ್ರಯಾಣಿಕರ ಕಾರ್ಡ್ ಮುಂಚೆಯೇ ನೋಡತೊಡಗಿದೆ. ನಿಂತಿದ್ದರೆ ಆವತ್ತೇ ಫೋನ್: "ಲಕೋಟೆ ಹುಡುಕಿ, ಕೌಂಟಿ ಅಸಿಸ್ಟೆನ್ಸ್ ಆಫೀಸಿಗೆ ಇವತ್ತೇ ಹೋಗಿ." ಕೆಲವರು ಹೇಗೆ ಹೋಗಲಿ ಅಂತ ಕೇಳಿದರು. ಆ ಆಫೀಸಿಗೆ ಹೋಗುವುದು ವೈದ್ಯಕೀಯ ಟ್ರಿಪ್ ಅಲ್ಲ, ಎಂಎಟಿಪಿ ದುಡ್ಡು ಕೊಡುವುದಿಲ್ಲ. ನಾನು ಅವರ ಜೊತೆ ಫೋನಿನಲ್ಲೇ ಕೂತು, ಆನ್‌ಲೈನ್‌ನಲ್ಲಿ ಹೇಗೆ ಮಾಡುವುದು ಎಂದು ಒಂದೊಂದೇ ಸಾಲು ಹೇಳಿಕೊಟ್ಟಿದ್ದೇನೆ.

ಹಿಮದ ದಿನಗಳಿಗೆ ನಮ್ಮ ಪಟ್ಟಿ ಚಿಕ್ಕದು. ರಸ್ತೆ ಕೆಟ್ಟರೆ ಬೇರೆ ಎಲ್ಲ ಟ್ರಿಪ್ ನಿಲ್ಲಿಸುತ್ತೇವೆ, ಡಯಾಲಿಸಿಸ್ ಮಾತ್ರ ಕೊನೆಯವರೆಗೂ ಬಿಡುವುದಿಲ್ಲ. ದೊಡ್ಡ ಹಿಮ ಬರುತ್ತದೆ ಎಂದು ಎರಡು ದಿನ ಮುಂಚೆ ಗೊತ್ತಾದರೆ ಸೆಂಟರಿಗೆ ಫೋನ್ ಮಾಡಿ, ಒಂದು ದಿನ ಮುಂಚೆ ಕರೆತಂದರೆ ಕುರ್ಚಿ ಸಿಗುತ್ತದಾ ಎಂದು ಕೇಳುತ್ತೇವೆ. ಶುಕ್ರವಾರದ್ದು ತಪ್ಪಿದರೆ ಮುಂದಿನದು ಸೋಮವಾರ, ಆ ಅಂತರ ಬಹಳ ಕೆಟ್ಟದ್ದು.

ಇನ್ನು ಡ್ರೈವರುಗಳು. ಬೆಳಗಿನ ಮೊದಲ ಪಾಳಿಯವರನ್ನು ತರಲು ವ್ಯಾನ್ ಗ್ಯಾರೇಜ್ ಬಿಡುವುದು ನಾಲ್ಕೂ ಹತ್ತಕ್ಕೆ. ಕತ್ತಲು, ದಾರಿಯಲ್ಲಿ ಜಿಂಕೆಗಳು. ನಾನು ಒಂದು ಸಲ ಪಕ್ಕದ ಸೀಟಿನಲ್ಲಿ ಹೋಗಿದ್ದೆ. ಒಂದು ಮನೆ ಮುಂದೆ ಲಿಫ್ಟ್ ಇಳಿಸಿ ವೀಲ್‌ಚೇರ್ ಹತ್ತಿಸಿದರು. ಡ್ರೈವರ್ ಮಂಡಿಯೂರಿ ಕೂತು ಕುರ್ಚಿಯ ಮುಂದಿನ ಎರಡು ಪಟ್ಟಿ, ಹಿಂದಿನ ಎರಡು ಪಟ್ಟಿ ಸಿಕ್ಕಿಸಿದರು. ಪ್ರತಿ ಪಟ್ಟಿಯನ್ನೂ ಕೈಯಿಂದ ಎಳೆದು ನೋಡಿದರು. ಆಮೇಲೆ ಸೊಂಟದ ಬೆಲ್ಟ್, ಭುಜದ ಬೆಲ್ಟ್. ಡಯಾಲಿಸಿಸ್ ಮಾಡುವ ತೋಳಿನ ಮೇಲೆ ಬೆಲ್ಟ್ ಒತ್ತದ ಹಾಗೆ ಸರಿಸಿದರು. ನಾಲ್ಕು ನಿಮಿಷ ಆಯಿತು. ನನ್ನ ಶೆಡ್ಯೂಲಿನಲ್ಲಿ ಆ ಮನೆಗೆ ಎರಡು ನಿಮಿಷ ಇತ್ತು. ದಿನಕ್ಕೆ ಆರು ವೀಲ್‌ಚೇರ್ ಅಂದರೆ ಹತ್ತುವುದಕ್ಕೆ ಇಳಿಯುವುದಕ್ಕೆ ಎಷ್ಟು ನಿಮಿಷ ನಾನು ಅವರಿಂದ ಕದಿಯುತ್ತಿದ್ದೆ ಎಂದು ಅಲ್ಲೇ ಲೆಕ್ಕ ಹಾಕಿದೆ. ಮರುದಿನ ವೀಲ್‌ಚೇರ್ ಹತ್ತಿಸುವುದಕ್ಕೆ ಐದು ನಿಮಿಷ, ಇಳಿಸುವುದಕ್ಕೆ ನಾಲ್ಕು ನಿಮಿಷ ಎಂದು ಬದಲಾಯಿಸಿದೆ. ಶೆಡ್ಯೂಲ್ ಮಾಡುವವರು ಎಲ್ಲರೂ ವರ್ಷಕ್ಕೆ ಒಂದು ದಿನವಾದರೂ ವ್ಯಾನಿನಲ್ಲಿ ಕೂತು ಹೋಗಬೇಕು. ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ.

2018ರಲ್ಲಿ ಇಡೀ ರಾಜ್ಯದ ಎಂಎಟಿಪಿಯನ್ನು ಬ್ರೋಕರ್ ಕಂಪನಿಗಳಿಗೆ, ಅಂದರೆ ಟ್ರಿಪ್ ಬುಕ್ ಮಾಡಿಕೊಂಡು ಬೇರೆಯವರ ಗಾಡಿಗಳಿಗೆ ಹಂಚುವ ಮಧ್ಯವರ್ತಿ ಕಂಪನಿಗಳಿಗೆ, ಕೊಡಬೇಕು ಎಂದು ಶಾಸನಸಭೆ ಕಾನೂನು ಮಾಡಿತ್ತು. ಫಿಲಡೆಲ್ಫಿಯಾದಲ್ಲಿ ಆಗಲೇ ಆ ಪದ್ಧತಿ ಇತ್ತು. ಕೌಂಟಿಗಳು, ಸಾರಿಗೆ ಸಂಸ್ಥೆಗಳು ಆತಂಕ ಹೇಳಿಕೊಂಡವು. ಮರುವರ್ಷ, ಮೊದಲು ಪರಿಣಾಮ ಏನಾಗುತ್ತದೆ ನೋಡಿ ಎಂದು ಅಧ್ಯಯನಕ್ಕೆ ಹಾಕಿದರು. ಹಳ್ಳಿ ಕೌಂಟಿಗಳಲ್ಲಿ ಹಳೇ ವ್ಯವಸ್ಥೆ ಉಳಿಯಿತು. ಬ್ರೋಕರ್ ಪದ್ಧತಿ ಎಲ್ಲ ಕಡೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ದೊಡ್ಡ ಊರಿನಲ್ಲಿ ಗಾಡಿಗಳು ಬೇಕಾದಷ್ಟಿವೆ. ಆದರೆ ಇಲ್ಲಿ ಪೇಶೆಂಟುಗಳನ್ನು ಬೇರೆ ಮಾಡಿದರೆ ಮೇಲೆ ಹೇಳಿದ ನಾಲ್ಕು ಜೇಬಿನ ಲೆಕ್ಕ ಒಡೆಯುತ್ತದೆ. ಮೂರನೇ ಮೆಟ್ಟಿಲು ಸಡಿಲ ಎಂದು ನೂರಾರು ಮೈಲಿ ದೂರದ ಕಾಲ್ ಸೆಂಟರಿಗೆ ಗೊತ್ತಿರುತ್ತದೆ ಎಂದು ನನಗೆ ನಂಬಿಕೆ ಇಲ್ಲ.

ಆ ಅಜ್ಜಿ ಬುಧವಾರ ತಪ್ಪಿಸಿದರೂ ಶುಕ್ರವಾರ ಹೋದರು. ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ, ಅರ್ಧ ಗಂಟೆ ಅಂತ ಸುಳ್ಳು ಹೇಳಿದ್ದೆ ಅಂತಲೂ ಹೇಳಿದೆ. ವಾಪಸ್ ವ್ಯಾನ್ ಐದೂ ಕಾಲಿಗೆ ಬಾಗಿಲಲ್ಲಿರುತ್ತದೆ ಅಂದೆ. "ಐದೂ ಕಾಲಾ? ಬರೆದುಕೊಳ್ಳುತ್ತೇನೆ" ಅಂದರು. ಆಮೇಲೆ ಮೂರು ವರ್ಷ ಅವರು ನಮ್ಮ ವ್ಯಾನಿನಲ್ಲಿ ಓಡಾಡಿದರು. ಕೈಚೀಲದಲ್ಲಿ ಯಾವಾಗಲೂ ಒಂದು ಹಳೇ ಟವೆಲ್ ಇಟ್ಟುಕೊಂಡಿರುತ್ತಿದ್ದರು, ಸೀಟಿಗೆ ಹಾಸಲು.

ಮುಂದಿನ ವಾರ ಹೊಸಬರೊಬ್ಬರು ಡಯಾಲಿಸಿಸ್ ಶುರು ಮಾಡುತ್ತಿದ್ದಾರೆ. ಮನೆ ಮಣ್ಣು ರಸ್ತೆಯ ಕೊನೆಯಲ್ಲಿ, ಟೌನಿನಿಂದ 31 ಮೈಲಿ. ಸೆಂಟರಿನವರು ಮಂಗಳವಾರದ ಮಧ್ಯಾಹ್ನದ ಕುರ್ಚಿ ಕೊಟ್ಟಿದ್ದಾರೆ. ಅದೇ ರಸ್ತೆಯ ಇಬ್ಬರು ಬೆಳಗಿನ ಪಾಳಿಯಲ್ಲಿದ್ದಾರೆ. ಬೆಳಗಿನ ಕುರ್ಚಿ ಯಾವಾಗ ಖಾಲಿಯಾಗಬಹುದು ಎಂದು ನರ್ಸಿಗೆ ಇವತ್ತು ಕೇಳಿದ್ದೇನೆ. ಅಲ್ಲಿಯವರೆಗೆ ಅವರೊಬ್ಬರಿಗೇ ಒಂದು ವ್ಯಾನ್, ವಾಪಸ್ ಐದೂ ನಲವತ್ತಕ್ಕೆ. ಮನೆಯ ಟಿಪ್ಪಣಿ ಖಾನೆ ಇನ್ನೂ ಖಾಲಿ ಇದೆ. ನಾಳೆ ಫೋನ್ ಮಾಡಿ ಯಾವ ಬಾಗಿಲು ತಟ್ಟಬೇಕು ಅಂತ ಕೇಳಬೇಕು.